ಮಾಸ್ತಮ್ಮನ ಕೆಸರುಮೆಟ್ಟು

ಕತೆ ಕೇಳುವವರು ಹತ್ತಿರ ಬನ್ನಿ. ನಗು ಬಂದರೆ ನಗಿ, ಯಾರೂ ತಡೆಯುವುದಿಲ್ಲ. ಆದರೆ ಯಾರನ್ನು ನೋಡಿ ನಗಬೇಕು ಅನ್ನುವುದನ್ನು ಮಾತ್ರ ಕೊನೆಯವರೆಗೆ ಕೇಳಿ ತೀರ್ಮಾನ ಮಾಡಿ.

ಹೊಳೆ ಸಮುದ್ರಕ್ಕೆ ಸೇರುವ ಕಡೆ ಅಳಿವೆಕೇರಿ ಅಂತ ಒಂದು ಕೇರಿ. ಅಲ್ಲಿ ಅಂಬಿಗರ ಮಾಸ್ತಮ್ಮ. ಅವಳಿಗೆ ಒಬ್ಬನೇ ಮಗ, ಜಟ್ಟು. ಎತ್ತಿನಂಥ ತೋಳು, ಕಂಬದಂಥ ಕಾಲು. ಬುದ್ಧಿ? ಬುದ್ಧಿ ಹಂಚುವ ದಿನ ದೇವರು ಸಾಲಿನಲ್ಲಿ ನಿಲ್ಲು ಅಂದನಂತೆ. ಜಟ್ಟು ನಿಂತನಂತೆ. ಮುಂದೆ ಹೋಗು ಅಂತ ಯಾರೂ ಹೇಳಲಿಲ್ಲವಂತೆ, ನಿಂತೇ ಇದ್ದನಂತೆ!

ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ತೊಂದರೆ.

"ಜಟ್ಟೂ, ಒಲೆಯ ಮೇಲಿನ ಹಾಲು ನೋಡ್ತಾ ಇರೋ" ಅಂದರೆ ಹಾಲು ಉಕ್ಕುವುದನ್ನೂ ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ. ಮಾಸ್ತಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. "ನಿನ್ನ ತಲೆಯೊಳಗೆ ಎಂತದೋ ಇರೋದು, ಖಾಲಿ ಚಿಪ್ಪೇ?" "ನಂಗೆ ಕಾಣೂದಿಲ್ಲವಲ್ಲ ಅವ್ವೇ, ನೀನೇ ನೋಡಿ ಹೇಳು" ಅಂತ ಇವನು ತಲೆ ಬಗ್ಗಿಸುತ್ತಿದ್ದ.

ಆ ಕೇರಿಯ ಎದುರಿಗೆ, ಹೊಳೆಯ ನಡುವೆ ಒಂದು ಮರಳುದಿಬ್ಬ. ಅದರ ತುಂಬ ಬಳಚು. ಚಿಪ್ಪು ಬಿಡಿಸಿದರೆ ಒಳಗೆ ಬೆಣ್ಣೆಯಂಥ ಮಾಂಸ. ಅದೇ ಕೇರಿಯವರ ಊಟ, ಅದೇ ಸಂತೆಯ ವ್ಯಾಪಾರ. ಆದರೆ ಹೋಗುವುದು ಹೇಗೆ? ನೀರಿದ್ದಾಗ ದಿಬ್ಬ ಕಾಣದು, ನೀರಿಳಿದಾಗ ದೋಣಿ ಓಡದು. ನಡುವೆ ಇರುವುದು ಕೆಸರು. ಎಂಥ ಕೆಸರು! ಎಮ್ಮೆ ಇಳಿದರೆ ಕೊಂಬು ಮಾತ್ರ ಕಾಣುವ ಕೆಸರು.

ಆ ಕೆಸರು ದಾಟಲು ಹೊಟ್ಟೆಯಡಿಗೆ ಅಗಲದ ಹಲಗೆ ಇಟ್ಟುಕೊಂಡು ಹಲ್ಲಿಯ ಹಾಗೆ ತೆವಳಬೇಕು. ಅಂಥ ಹಲಗೆ ಇದ್ದದ್ದು ಯಜಮಾನ ಕುಪ್ಪಯ್ಯನ ಮನೆಯಲ್ಲಿ ಮಾತ್ರ. ಹಲಗೆ ಬೇಕಾದವರು ಆಯ್ದ ಬಳಚಿನಲ್ಲಿ ಅರ್ಧ ಅವನ ಮನೆಗೆ ಸುರಿಯಬೇಕು.

ಇನ್ನೊಂದು ಕಟ್ಟಳೆಯೂ ಇತ್ತು. ದೀಪಾವಳಿ ಅಮಾವಾಸ್ಯೆಯ ದೊಡ್ಡ ಇಳಿತದ ದಿನ, ಪ್ರತಿ ಮನೆಯ ಗಂಡಸು ತನ್ನ ಮನೆಯ ಗಳವನ್ನು, ಅಂದರೆ ಉದ್ದನೆಯ ಬಿದಿರುಕೋಲನ್ನು, ದಿಬ್ಬದ ಮೇಲೆ ಊರಿ ಬರಬೇಕು. ನೀರು ತಿರುಗಿ ಏರಿದಾಗ ಯಾರ ಗಳ ನೀರಿನ ಮೇಲೆ ತಲೆ ಎತ್ತಿ ನಿಂತಿರುತ್ತದೋ, ಆ ವರ್ಷ ಬಳಚು ಆಯುವ ಹಕ್ಕು ಅವರಿಗೆ ಮಾತ್ರ. ಹೆಂಗಸು ಗಳ ಊರುವಂತಿಲ್ಲ! ಬಳಚು ಆಯುವವರು ಹೆಂಗಸರು, ಹೊರುವವರು ಹೆಂಗಸರು, ಬೇಯಿಸಿ ಬಿಡಿಸಿ ಸಂತೆಯಲ್ಲಿ ಕೂಗಿ ಮಾರುವವರು ಹೆಂಗಸರು. ಬಿದಿರು ಊರುವುದಕ್ಕೆ ಮಾತ್ರ ಗಂಡಸಿನ ಕಾಲೇ ಬೇಕಂತೆ! ಈ ಕಟ್ಟಳೆ ಮಾಡಿದವನು ಯಾರೋ ಏನೋ, ಜನ್ಮದಲ್ಲಿ ಒಂದು ಬುಟ್ಟಿ ಹೊತ್ತವನಲ್ಲ.

ಆ ಮಳೆಗಾಲ ಮಾಸ್ತಮ್ಮನ ಗಂಡ ಜ್ವರದಲ್ಲಿ ತೀರಿಹೋದ. ಕುಪ್ಪಯ್ಯ ಅಂಗಳಕ್ಕೆ ಬಂದು ನಿಂತ.

"ಮಾಸ್ತೀ, ಈ ವರ್ಷ ನಿನ್ನ ಮನೆಯ ಗಳ ಇಲ್ಲ ಅಲ್ಲವೇ?"

"ಯಾಕಿಲ್ಲ? ಮಗ ಇದ್ದಾನೆ."

"ಜಟ್ಟುವೇ!" ಕುಪ್ಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಆಯ್ತು ಮಾರಾಯ್ತೀ, ಹಲಗೆ ಕೊಡ್ತೇನೆ. ಆದರೆ ಆ ಪೆದ್ದನ ಕೈಗೆ ಕೊಡೋದಾದರೆ ಅರ್ಧ ಸಾಲದು. ಮುಕ್ಕಾಲು ಬುಟ್ಟಿ ನನಗೆ."

ಮಾಸ್ತಮ್ಮನಿಗೆ ಉರಿದುಹೋಯಿತು. "ನಿನ್ನ ಹಲಗೆ ನಿನ್ನ ಹೊಟ್ಟೆಯಡಿಗೇ ಇರಲಿ! ನನ್ನ ಮಗ ತೆವಳೂದಿಲ್ಲ. ನಡೆದು ಹೋಗ್ತಾನೆ!"

"ಕೆಸರಿನ ಮೇಲೆ ನಡೆದು? ಹಹ್ಹಾ! ಒಂದು ಗಳವೂ ನಿಲ್ಲದ ವರ್ಷ ದಿಬ್ಬ ಊರೆಲ್ಲರದು ಅಂತಲೂ ಒಂದು ಕಟ್ಟಳೆ ಇದೆ ಕಣೇ. ಅಂಥ ವರ್ಷ ನಾನು ಕಂಡಿಲ್ಲ. ನಿನ್ನ ಮಗ ನಡೆದು ಹೋಗೂದನ್ನೂ ಕಾಣೂದಿಲ್ಲ!"

ಹೇಳಿ ಹೋದ. ಮಾಸ್ತಮ್ಮ ಹೇಳಿಬಿಟ್ಟಿದ್ದಳು, ಇನ್ನು ಮಾಡಬೇಕು. ಗಳ ನಿಲ್ಲದಿದ್ದರೆ ವರ್ಷವಿಡೀ ಗಂಜಿಗೆ ಗತಿಯಿಲ್ಲ. ಮಗನನ್ನು ಹೊಳೆಯಂಚಿಗೆ ಕರೆದುಕೊಂಡು ಹೋದಳು.

"ಜಟ್ಟೂ, ಹಗುರ ಕಾಲಿಡ್ತಾ ನೇರ ನಡೆ, ನೋಡುವಾ."

ಜಟ್ಟು ನಡೆದ. ಮೊಣಕಾಲು ಹೋಯಿತು, ನಡೆದ. ತೊಡೆ ಹೋಯಿತು, ನಡೆದ. ಸೊಂಟ ಹೋಯಿತು.

"ಅಯ್ಯೋ ನಿಲ್ಲೋ!"

"ನಿಂತೆ ಅವ್ವೇ. ಆದರೂ ಕೆಳಗೆ ಹೋಗ್ತಾ ಇದ್ದೇನೆ. ನಾನು ಹೋಗ್ತಾ ಇಲ್ಲ, ಅದೇ ಹೋಗ್ತಾ ಇದೆ."

ಪಕ್ಕದ ಮನೆಯ ದುರ್ಗಜ್ಜಿ ಓಡಿ ಬಂದಳು. ಇಬ್ಬರೂ ಸೇರಿ ಕತ್ತದ ಹಗ್ಗ ಎಸೆದು, ಅವನನ್ನು ಗೆಣಸು ಕಿತ್ತ ಹಾಗೆ ಕಿತ್ತರು.

"ಕಾಲು ಸಣ್ಣದು, ಭಾರ ದೊಡ್ಡದು, ಮುಳುಗದೆ ಇರ್ತದೆಯೇ?" ಅಂದಳು ಮಾಸ್ತಮ್ಮ. "ಭಾರವನ್ನು ಅಗಲಕ್ಕೆ ಹರಡಬೇಕು ಕಣೋ, ಅಗಲಕ್ಕೆ! ಆಗ ಮುಳುಗೂದಿಲ್ಲ. ತಿಳೀತೇ?"

"ತಿಳೀತವ್ವೇ."

ತಿಳಿದದ್ದು ಎಷ್ಟೋ, ಆ ಜಟಗ ದೇವರಿಗೇ ಗೊತ್ತು. ಮರುದಿನ ಅವ್ವೆ ಅವನ ತಲೆಯ ಮೇಲೆ ಒಂದು ಬುಟ್ಟಿ ಉಪ್ಪು ಇಟ್ಟು, "ಉಪ್ಪಿನ ಗದ್ದೆಯಿಂದ ತಂದದ್ದು, ದುರ್ಗಜ್ಜಿಗೆ ಕೊಟ್ಟು ಬಾ" ಅಂದಳು. ನಡೆದ. ಭಾರ ಆಯಿತು. ಬುದ್ಧಿಮಾತು ನೆನಪಾಯಿತು. ದಾರಿಯುದ್ದಕ್ಕೂ ಉಪ್ಪನ್ನು ತೆಳ್ಳಗೆ, ಅಗಲಕ್ಕೆ ಹರಡುತ್ತ ಹೋದ. ಖಾಲಿ ಬುಟ್ಟಿ ಅಜ್ಜಿಯ ಮುಂದಿಟ್ಟ.

"ಉಪ್ಪೆಲ್ಲಿಯೋ?"

"ದಾರಿಯ ಮೇಲೆ ಇದೆ ಅಜ್ಜೀ. ಒಂದು ಕಣವೂ ಮುಳುಗಿಲ್ಲ!"

ಮಾಸ್ತಮ್ಮ ಪೊರಕೆ ಹಿಡಿದು ಬಂದಳು, ಗುಡಿಸುವುದಕ್ಕೂ ಬಾರಿಸುವುದಕ್ಕೂ. "ಹರಡೂದು ಕಾಲಿನ ಕೆಳಗೆ ಮಾತ್ರ ಕಣೋ ಕತ್ತೇ! ಉಳಿದದ್ದನ್ನೆಲ್ಲ ಬಿಗಿಯಾಗಿ ಕಟ್ಟಬೇಕು. ಬಿಗಿಯಾಗಿ! ತಿಳೀತೇ?"

"ತಿಳೀತವ್ವೇ."

ಮಗನನ್ನು ಬೈದು ಕೂತವಳಿಗೆ ಕೆಸರಿನ ಮೇಲೆ ಒಂದು ಕೊಕ್ಕರೆ ಕಂಡಿತು. ಸರಸರ ನಡೆಯುತ್ತಿತ್ತು. ಬೆರಳು ಅಗಲಿಸಿ ಇಡುವುದು, ಮಡಚಿ ಎತ್ತುವುದು. ಅಗಲಿಸಿ ಇಡುವುದು, ಮಡಚಿ ಎತ್ತುವುದು. "ಓಹೋ" ಅಂದಳು ಮಾಸ್ತಮ್ಮ. ಬೆತ್ತ ಸೀಳಿ, ಬಗ್ಗಿಸಿ, ಅಕ್ಕಿ ಗೇರುವ ಗೆರಸೆಯಷ್ಟಗಲದ ಚೌಕಟ್ಟು ಮಾಡಿದಳು. ಒಳಗೆ ಹುರಿಯಿಂದ ಬಲೆ ಹೆಣೆದಳು, ಕೆಸರು ಮೇಲೆ ನಿಲ್ಲದೆ ಕಣ್ಣುಗಳಿಂದ ಸೋರಿ ಹೋಗಲಿ ಅಂತ. ಅದಕ್ಕೆ ಕೆಸರುಮೆಟ್ಟು ಅಂತ ಹೆಸರಿಟ್ಟಳು.

ಹಿಮ ಬೀಳುವ ದೇಶಗಳಲ್ಲಿ ಇಂಥದ್ದನ್ನೇ ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಓಡಾಡುತ್ತಾರೆ ಅಂತ ಪುಸ್ತಕಗಳಲ್ಲಿ ಬರೆದಿದೆ, ಚಿತ್ರವೂ ಇದೆ. ಓದಿದವರು ಆಹಾ ಅನ್ನುತ್ತಾರೆ. ಮಾಸ್ತಮ್ಮ ಹಿಮ ಕಂಡವಳಲ್ಲ, ಪುಸ್ತಕವನ್ನೂ ಕಂಡವಳಲ್ಲ. ಕೊಕ್ಕರೆ ಕಂಡಿದ್ದಳು, ಅಷ್ಟು ಸಾಕಾಯಿತು. ಅದಕ್ಕೆ ಆಹಾ ಅನ್ನುವವರು ಯಾರು? ಕೇರಿಯ ಗಂಡಸರು ಬಂದು ನೋಡಿ, "ಇದರಲ್ಲಿ ಅಕ್ಕಿ ಗೇರುತ್ತೀಯೋ, ಮೀನು ಹಿಡೀತೀಯೋ?" ಅಂದರು. ಅಷ್ಟೇ.

"ಜಟ್ಟೂ, ಕಟ್ಟಿಕೋ, ನಡೆ."

ಜಟ್ಟು ಕಟ್ಟಿಕೊಂಡ. ಬಿಗಿಯಾಗಿ ಕಟ್ಟಿಕೊಂಡ. ಬೆರಳು ಕಟ್ಟಿದ, ಹಿಮ್ಮಡಿ ಕಟ್ಟಿದ, ಉಳಿದ ಹುರಿಯಲ್ಲಿ ಎರಡೂ ಕಾಲನ್ನು ಸೇರಿಸಿ ಕಟ್ಟಿದ. ಎದ್ದ, ಒಂದು ಕಾಲು ಎತ್ತಿದ, ಕಡಿದ ಮರದ ಹಾಗೆ ಮುಖಡಿ ಬಿದ್ದ. ಕೆಸರಿನೊಳಗಿಂದ ಬುಡುಬುಡು ಅಂತ ಸದ್ದು ಬಂತು. ಎತ್ತಿ ಬಾಯಿ ಒರೆಸಿ ಕೇಳಿದರೆ, "ಬಿಗಿಯಾಗಿ ಕಟ್ಟಿದ್ದೇನೆ ಅಂತ ಹೇಳ್ತಾ ಇದ್ದೆ ಅವ್ವೇ!"

"ಅಯ್ಯೋ ನನ್ನ ಕರ್ಮವೇ! ಹಿಮ್ಮಡಿ ಕಟ್ಟಿದರೆ ಮೆಟ್ಟಿನ ಬಾಲವೂ ಮೇಲೆ ಏಳ್ತದೆ, ಒಂದು ಮಣ ಕೆಸರನ್ನೂ ಎತ್ತುತ್ತದೆ! ಹಿಮ್ಮಡಿ ಎದ್ದರೂ ಬಾಲ ಕೆಳಗೇ ಎಳೆದುಕೊಂಡು ಬರಬೇಕು. ಮುಂದೆ ಕಟ್ಟು, ಹಿಂದೆ ಬಿಡು. ಮುಂದೆ ಕಟ್ಟು, ಹಿಂದೆ ಬಿಡು! ತಿಳೀತೇ?"

"ತಿಳೀತವ್ವೇ. ಮುಂದೆ ಕಟ್ಟು, ಹಿಂದೆ ಬಿಡು."

ಮಾರನೆಯ ದಿನ ಅವ್ವೆ ಸಂತೆಗೆ ಹೊರಟಳು. "ಒಳಗೆ ಒಣಮೀನು ಹರವಿದ್ದೇನೆ. ಬಾಗಿಲು ಭದ್ರ ಮಾಡಿಕೊಂಡು ಕಾಯ್ತಾ ಇರು." ಜಟ್ಟು ಮುಂಬಾಗಿಲನ್ನು ಹಗ್ಗ ಸುತ್ತಿ ಸುತ್ತಿ ಕಟ್ಟಿದ. ಹಿಂಬಾಗಿಲನ್ನು ಪೂರಾ ತೆರೆದು ಬಿಟ್ಟ. ಮುಂಬಾಗಿಲ ಎದುರಿಗೆ ಕೋಲು ಹಿಡಿದು ಕೂತ. ಹಿಂಬಾಗಿಲಿನಿಂದ ಕುಪ್ಪಯ್ಯನ ನಾಯಿ ಬಂತು, ನಾಯಿಯ ಗೆಳೆಯರೂ ಬಂದರು.

"ಮೀನೆಲ್ಲ ಹೋಯ್ತಲ್ಲೋ! ಹಿಂಬಾಗಿಲು ಯಾಕೆ ಬಿಟ್ಟೆ?"

"ಹಿಂದೆ ಬಿಡದಿದ್ದರೆ ಮುಖಡಿ ಬೀಳ್ತದೆ ಅವ್ವೇ. ಮನೆ ಬಿದ್ದರೆ ಎತ್ತೂದು ಯಾರು?"

ಮಾಸ್ತಮ್ಮ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೊಳೆಗೆ ಹೋದಳು. "ಕಟ್ಟಿಕೋ! ಮುಂದೆ ಕಟ್ಟು, ಹಿಂದೆ ಬಿಡು, ಮೆಟ್ಟಿಗೆ ಮಾತ್ರ!"

ಈ ಸಲ ಮುಳುಗಲಿಲ್ಲ. ನಿಜವಾಗಿಯೂ ಮುಳುಗಲಿಲ್ಲ! ಜಟ್ಟು ಕೆಸರಿನ ಮೇಲೆ ನಿಂತ. ಮಾಸ್ತಮ್ಮನ ಕಣ್ಣು ತುಂಬಿತು. ಆದರೆ ದಿಬ್ಬದ ಕಡೆ ಏರುವಲ್ಲಿ ಕೆಸರು ಲೋಳೆಲೋಳೆ. ಒಂದು ಹೆಜ್ಜೆ ಏರಿದರೆ ಎರಡು ಹೆಜ್ಜೆ ಜಾರಿದ. ಕೊನೆಗೆ ಕುಂಡೆಯ ಮೇಲೆ ಕೂತು ಜರ್ರನೆ ಜಾರಿ ಅವ್ವೆಯ ಕಾಲಬುಡಕ್ಕೇ ಬಂದ. "ಬಂದೆ ಅವ್ವೇ! ಬರೂದು ಬಹಳ ಸುಲಭ!"

ಮುಳುಗದಿದ್ದರೆ ಸಾಲದು, ಜಾರಲೂ ಬಾರದು. ಮಾಸ್ತಮ್ಮ ಹೊಳೆಯಂಚಿನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಗಿಡದ ಗಟ್ಟಿ ಕಡ್ಡಿ ಕೆತ್ತಿ ಮುಳ್ಳು ಮಾಡಿ, ಬೆರಳಿನ ನೇರಕ್ಕೆ ಮೆಟ್ಟಿನ ಅಡಿಗೆ ಅಡ್ಡಸಾಲಾಗಿ ಬಿಗಿದಳು. ಒಂದು ಮೆಟ್ಟು ಇನ್ನೊಂದನ್ನು ತುಳಿಯದಿರಲಿ ಅಂತ ಒಳಬದಿಯನ್ನು ನೆಟ್ಟಗೆ ಮಾಡಿದಳು. ಕೆಸರಿನೊಳಕ್ಕೆ ಮೂತಿ ತುರುಕದಿರಲಿ ಅಂತ ತುದಿಯನ್ನು ದೋಣಿಯ ಹಾಗೆ ಮೇಲಕ್ಕೆ ಬಾಗಿಸಿದಳು.

"ಜಾರುವ ಜಾಗ ಕಂಡರೆ ಮುಳ್ಳು ಊರಿ ಗಟ್ಟಿಯಾಗಿ ತುಳಿ. ಹೆದರಬೇಡ. ತಿಳೀತೇ?"

"ತಿಳೀತವ್ವೇ."

ಹೊಸ ಮೆಟ್ಟು ಹಾಕಿಕೊಂಡು ಜಟ್ಟು ಕೇರಿಯೆಲ್ಲ ತಿರುಗಿದ. ಕುಪ್ಪಯ್ಯನ ಹೆಂಡತಿ ಹಬ್ಬಕ್ಕೆ ಅಂತ ಅಂಗಳವನ್ನೆಲ್ಲ ಸಗಣಿಯಲ್ಲಿ ಸಾರಿಸಿ, ಸೊಂಟ ಹಿಡಿದುಕೊಂಡು ಆಗಷ್ಟೇ ಎದ್ದಿದ್ದಳು. ಹಸಿಹಸಿ ಅಂಗಳ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜಾರುವ ಜಾಗ! ಜಟ್ಟು ಮುಳ್ಳು ಊರಿದ. ಗಟ್ಟಿಯಾಗಿ ತುಳಿದ. ಈ ತುದಿಯಿಂದ ಆ ತುದಿಗೆ ತುಳಿದ, ಆ ತುದಿಯಿಂದ ಈ ತುದಿಗೆ ತುಳಿದ.

"ಅಮ್ಮಾ, ನೋಡಿ, ಜಾರಲೇ ಇಲ್ಲ!"

ಕುಪ್ಪಯ್ಯ ಹೊರಗೆ ಬಂದ. ಅಂಗಳ ಹಂದಿ ಉತ್ತ ಗೆಣಸಿನ ಗದ್ದೆಯಾಗಿತ್ತು. ಅವನ ಕೂಗು ಆಚೆದಡಕ್ಕೂ ಕೇಳಿತು. ಮಾಸ್ತಮ್ಮ ಓಡಿ ಬಂದು, ತಲೆ ತಗ್ಗಿಸಿ, ಪೂರ್ತಿ ಅಂಗಳವನ್ನು ತಾನೇ ಮತ್ತೆ ಸಾರಿಸಿದಳು. ಕುಪ್ಪಯ್ಯ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ, "ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ" ಅನ್ನುತ್ತಿದ್ದ. ಅವಳು ಸಗಣಿ ಬಳಿದದ್ದಕ್ಕಿಂತ ಹೆಚ್ಚು ಹಲ್ಲು ಕಚ್ಚಿದಳು.

ಮನೆಗೆ ಬಂದು ಮಗನ ಕಿವಿ ಹಿಂಡಿದಳು. "ಬೇರೆಯವರ ಅಂಗಳ ಕಂಡ ಕೂಡಲೆ ಮೆಟ್ಟು ಕಳಚಬೇಕು! ಕಳಚಿ ಬದಿಗಿಡಬೇಕು! ತಿಳೀತೇ?"

"ತಿಳೀತವ್ವೇ. ಕಿವಿ ಬಿಡು ಅವ್ವೇ, ಮಾತು ಹೊರಗೆ ಹೋಗ್ತದೆ."

ಅಮಾವಾಸ್ಯೆ ಹತ್ತಿರ ಬಂತು. ಒಂದು ಸಣ್ಣ ಇಳಿತದ ದಿನ ಕೊನೆಯ ಪರೀಕ್ಷೆ. ಜಟ್ಟು ಹೊರಟ. ಆಹಾ, ಏನು ನಡಿಗೆ! ಅಗಲಿಸಿ ಇಡುವುದು, ಬಾಲ ಎಳೆಯುವುದು, ಮುಳ್ಳು ಊರುವುದು. ಕೊಕ್ಕರೆಯೇ ತಿರುಗಿ ನೋಡಬೇಕು! ದಡದ ಮೇಲೆ ನಿಂತಿದ್ದ ಕುಪ್ಪಯ್ಯನಿಗೆ ಎಲೆ ಅಡಿಕೆ ಗಂಟಲಲ್ಲಿ ಸಿಕ್ಕಿತು. ಕೂಗಿದ:

"ಏ ಜಟ್ಟೂ! ಯಾರ ಜಾಗ ಅಂತ ತಿಳಿದು ತುಳೀತಾ ಇದ್ದೀಯೋ? ಈ ಕೆಸರೂ ನನ್ನ ಅಂಗಳವೇ ಕಣೋ!"

ಜಟ್ಟು ಗಕ್ಕನೆ ನಿಂತ. ಯಜಮಾನರ ಅಂಗಳ! ಬಗ್ಗಿದ. ಹುರಿ ಬಿಚ್ಚಿದ.

"ಬೇಡವೋ! ಬೇಡ ಜಟ್ಟೂ!" ಮಾಸ್ತಮ್ಮ ಅರಚಿದಳು.

ಒಂದು ಮೆಟ್ಟು ಕಳಚಿ ಬದಿಗಿಟ್ಟ. ಇನ್ನೊಂದು ಮೆಟ್ಟು ಕಳಚಿ ಬದಿಗಿಟ್ಟ. ಕೈ ಮುಗಿದ. ಮುಗಿದ ಕೈಯ ಸಮೇತ ಎದೆಯವರೆಗೆ ಹೂತುಹೋದ.

ದುರ್ಗಜ್ಜಿ ಹಗ್ಗ ತಂದಳು. ಎಳೆದರು. ಜಟ್ಟು ಬಂದ, ಮೆಟ್ಟು ಬರಲಿಲ್ಲ. ನೀರು ಏರಿತು, ಮೆಟ್ಟನ್ನು ಎತ್ತಿಕೊಂಡು ಸಮುದ್ರಕ್ಕೆ ಹೋಯಿತು. ಬೆತ್ತ ಸೀಳಿದ ಗಾಯ ಮಾಸ್ತಮ್ಮನ ಬೆರಳಲ್ಲಿ ಇನ್ನೂ ಹಸಿಯಾಗಿತ್ತು. ಅಳಲಿಲ್ಲ ಅವಳು. ಅತ್ತರೆ ಕುಪ್ಪಯ್ಯನಿಗೆ ಹಬ್ಬ.

"ಕೇಳೋ ಇಲ್ಲಿ! ಇನ್ನು ಕೆಸರಿನಲ್ಲಿ ಇಟ್ಟದ್ದನ್ನು, ಊರಿದ್ದನ್ನು, ಒಂದು ಕಡ್ಡಿಯನ್ನೂ ಅಲ್ಲಿ ಬಿಟ್ಟು ಬರಕೂಡದು! ಎಲ್ಲವನ್ನೂ ಕಟ್ಟಿಕೊಂಡು ಮನೆಗೆ ತರಬೇಕು! ದಡದಿಂದ ಯಾರು ಏನೇ ಕೂಗಲಿ, ಕಿವಿಗೆ ಹಾಕಿಕೊಳ್ಳಬೇಡ! ತಿಳೀತೇ?"

"ತಿಳೀತವ್ವೇ."

ಕೋಪದಲ್ಲಿ ಹೇಳಿದ ಮಾತು. ಹೇಳಿದವಳು ಮರೆತಳು, ಕೇಳಿದವನು ಮರೆಯಲಿಲ್ಲ. ಅವಳು ಮತ್ತೆ ಬೆತ್ತ ಸೀಳಿದಳು, ಮತ್ತೆ ಬಗ್ಗಿಸಿದಳು, ಮತ್ತೆ ಹೆಣೆದಳು.

ಅಮಾವಾಸ್ಯೆ ಬಂತು. ಕೇರಿಗೆ ಕೇರಿಯೇ ದಡದಲ್ಲಿ ನೆರೆಯಿತು. ಕುಪ್ಪಯ್ಯನೂ ಅವನ ಹಲಗೆ ಹಿಡಿದವರೂ ಮೊದಲು ಹೋದರು. ತೆವಳಿದರು, ಏದುಸಿರು ಬಿಟ್ಟರು, ಗಳ ಊರಿದರು, ಕೆಸರಿನ ಮುದ್ದೆಗಳಾಗಿ ತಿರುಗಿ ಬಂದು ದಡದ ಮೇಲೆ ಬಿದ್ದುಕೊಂಡರು. "ಪೆದ್ದ ಕೊನೆಗೆ ಹೋಗಲಿ" ಅಂದಿದ್ದ ಕುಪ್ಪಯ್ಯ. ನೀರು ತಿರುಗುವ ಹೊತ್ತಾಗಲಿ ಅಂತಲೇ ಹಾಗೆ ಅಂದದ್ದು.

ಜಟ್ಟು ಹೆಗಲ ಮೇಲೆ ಗಳ ಇಟ್ಟು ಹೊರಟ. ಸೊಂಟಕ್ಕೆ ಮಣ್ಣಿಲ್ಲ, ಮೊಣಕಾಲಿಗೆ ಮಣ್ಣಿಲ್ಲ. ನೆಟ್ಟಗೆ ನಿಂತು, ಮದುಮಗನ ಹಾಗೆ ನಡೆದ. ಏರು ಹತ್ತಿದ, ಜಾರಲಿಲ್ಲ. ದಿಬ್ಬ ಮುಟ್ಟಿದ. ಗಳ ಊರಿದ!

"ಊರಿದ! ನನ್ನ ಮಗ ಊರಿದ!" ಮಾಸ್ತಮ್ಮ ಸೆರಗನ್ನು ಗಾಳಿಯಲ್ಲಿ ಬೀಸಿದಳು. "ಹೇಗೆ ಯಜಮಾನಾ? ತೆವಳಿದನೇ? ತೆವಳಿದನೇ ನನ್ನ ಮಗ?"

ಕುಪ್ಪಯ್ಯ ಮುಖದ ಕೆಸರು ಒರೆಸಿಕೊಂಡ.

ಅಷ್ಟರಲ್ಲಿ ಜಟ್ಟು ತಿರುಗಿ ನಿಂತ. ಯೋಚಿಸಿದ. ತನ್ನ ಗಳಕ್ಕೆ ಕೈ ಹಾಕಿ ಕಿತ್ತ.

"ಅಯ್ಯೋ! ಬಿಡೋ ಅದನ್ನ!" ಮಾಸ್ತಮ್ಮ ಕೂಗಿದಳು.

ದಡದಿಂದ ಯಾರು ಏನೇ ಕೂಗಲಿ! ಜಟ್ಟು ಪಕ್ಕದ ಗಳವನ್ನೂ ಕಿತ್ತ. ಅದರ ಪಕ್ಕದ್ದನ್ನೂ ಕಿತ್ತ.

"ನನ್ನದು! ಏ, ಅದು ನನ್ನದು!" ಕುಪ್ಪಯ್ಯ ಎದ್ದು ಕುಣಿದ. "ಹಿಡಿಯಿರೋ! ಓಡಿರೋ!"

ಓಡುವುದು ಯಾರು? ಆ ಕೆಸರಿನ ಮೇಲೆ ಓಡಬಲ್ಲ ಕಾಲು ಇದ್ದದ್ದೇ ಒಬ್ಬನಿಗೆ. ಹಲಗೆ ಇಳಿಸುವಷ್ಟರಲ್ಲಿ ನೀರು ತಿರುಗಿತು. ಜಟ್ಟು ಕುಪ್ಪಯ್ಯನ ಬಣ್ಣ ಬಳಿದ ಗಳವನ್ನೂ ಕಿತ್ತು, ಎಲ್ಲವನ್ನೂ ಹೊರೆ ಕಟ್ಟಿ, ಏರುವ ನೀರಿಗಿಂತ ಮುಂದೆ ಮುಂದೆ ನಡೆದು ಬಂದ. ಯಜಮಾನನ ಎದುರಿಗೆ ಮೆಟ್ಟು ಕಳಚಿ ಬದಿಗಿಟ್ಟ. ಹೊರೆಯನ್ನು ಅವ್ವೆಯ ಕಾಲಬುಡದಲ್ಲಿ ಇಳಿಸಿದ.

"ತಗೋ ಅವ್ವೇ. ಒಂದು ಕಡ್ಡಿಯನ್ನೂ ಬಿಟ್ಟಿಲ್ಲ!"

ಎಲ್ಲರೂ ಹೊಳೆಯ ಕಡೆ ನೋಡಿದರು. ಬರೀ ನೀರು. ನೀರಿನ ಮೇಲೆ ಒಂದು ಗಳವೂ ಇಲ್ಲ.

ಮಾಸ್ತಮ್ಮ ಕುಸಿದು ಕೂತಳು. ವರ್ಷದ ಗಂಜಿ ಕಣ್ಣೆದುರಿಗೇ ಹೋಯಿತು. ಹೊಡೆಯಲು ಎತ್ತಿದ ಕೈ ಹಾಗೆಯೇ ನಿಂತಿತು.

ಆಗ ದುರ್ಗಜ್ಜಿ ಕಿಸಕ್ಕನೆ ನಕ್ಕಳು. "ಯಜಮಾನಾ, ಒಂದು ಗಳವೂ ನಿಲ್ಲದ ವರ್ಷ ದಿಬ್ಬ ಯಾರದು ಅಂದಿದ್ದೆ? ಮಾಸ್ತಿಯ ಅಂಗಳದಲ್ಲಿ ನಿಂತು ಹೇಳಿದ್ದೆಯಲ್ಲ, ನಮ್ಮ ಮನೆಗೂ ಕೇಳಿತ್ತು."

ಗುಂಪಿನಿಂದ ಒಬ್ಬಳು ಅಂದಳು, "ಊರೆಲ್ಲರದು!" ಇನ್ನೊಬ್ಬಳು ಅಂದಳು, "ಹೌದು, ಊರೆಲ್ಲರದು! ಅರ್ಧ ಬುಟ್ಟಿ ಸುರಿಯೂದು ಇನ್ನಿಲ್ಲ!"

"ಪೆದ್ದ!" ಕುಪ್ಪಯ್ಯ ಬೆರಳು ತೋರಿಸಿದ. "ಈ ಪೆದ್ದ ಕಟ್ಟಳೆಯನ್ನೇ ಕೆಡಿಸಿದ!"

ಮಾಸ್ತಮ್ಮ ಎದ್ದು ನಿಂತಳು. "ಯಾರನ್ನೋ ಪೆದ್ದ ಅನ್ನೂದು ನೀನು? ನನ್ನ ಮಗನನ್ನು ಪೆದ್ದ ಅನ್ನಲಿಕ್ಕೆ ನಾನಿದ್ದೇನೆ! ಹೇಳಿದ ಮಾತನ್ನು ಅವನು ಹಾಗೇ ನಡೆಸ್ತಾನೆ. ನೀನೇ ಹೇಳಿದ ಕಟ್ಟಳೆ, ನೀನೂ ಹಾಗೇ ನಡೆಸು ನೋಡುವಾ!"

ಕುಪ್ಪಯ್ಯ ಹಲಗೆ ಎತ್ತಿಕೊಂಡು ಮನೆಗೆ ಹೋದ.

ಮರುದಿನದಿಂದ ಮಾಸ್ತಮ್ಮನ ಅಂಗಳದಲ್ಲಿ ಜಾತ್ರೆ. ಎಲ್ಲರಿಗೂ ಕೆಸರುಮೆಟ್ಟು ಬೇಕು. ಗೆರಸೆ ಅಂದು ನಕ್ಕವರೇ ಬೆತ್ತ ಹೊತ್ತು ತಂದು ಸಾಲಾಗಿ ಕೂತರು. ಅವಳು ಎಲ್ಲರಿಗೂ ಹೆಣೆಯುವುದನ್ನು ತೋರಿಸಿದಳು, ಯಾರ ಬುಟ್ಟಿಯಲ್ಲೂ ಪಾಲು ಕೇಳಲಿಲ್ಲ. ಕೊನೆಗೆ, ಮುಖ ಆ ಕಡೆ ತಿರುಗಿಸಿಕೊಂಡು, ಕುಪ್ಪಯ್ಯನೂ ಒಂದು ಜೊತೆಗೆ ಬಂದ. ಕೊಟ್ಟಳು. ಬೈದು ಕೊಟ್ಟಳು, ಆದರೂ ಕೊಟ್ಟಳು.

ಇಳಿತದ ಹೊತ್ತಿಗೆ ಅವಳಿಗೆ ಇನ್ನೂ ಹೆಣಿಗೆ ಮುಗಿದಿರಲಿಲ್ಲ. ಮಗನನ್ನು ಕರೆದಳು.

"ಜಟ್ಟೂ, ನಡೆಯೂದು ಹೇಗೆ ಅಂತ ಇವರಿಗೆ ನೀನೇ ಕಲಿಸು. ನಾನು ನಿನಗೆ ಕಲಿಸಿದ ಹಾಗೇ ಕಲಿಸಬೇಕು, ಮೊದಲಿನಿಂದ, ಒಂದನ್ನೂ ಬಿಡದೆ. ತಿಳೀತೇ?"

"ತಿಳೀತವ್ವೇ."

ಹೊಳೆಯ ಕಡೆಯಿಂದ ಗದ್ದಲ ಕೇಳಿದಾಗ ಮಾಸ್ತಮ್ಮ ಕತ್ತದ ಹಗ್ಗ ಹಿಡಿದುಕೊಂಡೇ ಓಡಿದಳು. ನೋಡುತ್ತಾಳೆ, ಮೆಟ್ಟುಗಳೆಲ್ಲ ದಡದ ಮೇಲೆ ಸಾಲಾಗಿ ಒಣಗುತ್ತಿವೆ. ಕೇರಿಯ ಗಂಡಸರೆಲ್ಲ ಬರಿಗಾಲಲ್ಲಿ, ಸೊಂಟದವರೆಗೆ ಕೆಸರಿನಲ್ಲಿ ನೆಟ್ಟ ಗೂಟಗಳ ಹಾಗೆ ನಿಂತಿದ್ದಾರೆ, ಎಲ್ಲರಿಗಿಂತ ಮುಂದೆ ಕುಪ್ಪಯ್ಯ.

ಜಟ್ಟು ದಡದಲ್ಲಿ ನಿಂತು ಕೈ ಕೊಡವಿದ.

"ಆಯ್ತು, ಮುಳುಗೂದು ಎಲ್ಲರಿಗೂ ಬಂತು! ಈಗ ಹೇಳಿ, ಯಾರ್ಯಾರ ಮನೆಯಲ್ಲಿ ಉಪ್ಪು ಎಲ್ಲಿದೆ?"